ದೃಷ್ಟಿದೋಷ, ಶೀಘ್ರ ಪರಿಹಾರ ಅಗತ್ಯ

ನಮ್ಮ ಸೋದರತ್ತೆಯಷ್ಟು ಪುಕ್ಕಲು ಮನುಷ್ಯರು ಇಡೀ ತುಮಕೂರು ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ ಎಂದು ನಾನು ಬರೆದುಕೊಡಬಲ್ಲೆ. ಬೇಕಾದರೆ ಕೆಳಗೆ ಸಹಿಯನ್ನೂ ಹಾಕುತ್ತೇನೆ. ಅವರ ಹೆಸರನ್ನು ಮಾತ್ರ ಹೇಳುವುದಿಲ್ಲ. ಹೆಸರು ಅಚ್ಚಾದರೆ ಯಾರ ಕಣ್ಣು ಬೀಳುತ್ತದೋ ಎಂಬುದು ಅವರ ಭಯಗಳಲ್ಲೊಂದು.

ಉಳಿದ ಭಯಗಳನ್ನು ಎಲ್ಲಿಂದ ಶುರುಮಾಡಲಿ? ಗ್ಯಾಸ್ ಸಿಲಿಂಡರ್. ಆರಿಸಿ, ಬೀಗ ಹಾಕಿ, ಗುಬ್ಬಿ ಬಸ್‌ಸ್ಟಾಂಡಿನವರೆಗೆ ಹೋಗಿ, ಆರಿಸಿದೆನೋ ಇಲ್ಲವೋ ಎಂದು ವಾಪಸು ಬಂದು ನೋಡಿ, ಮತ್ತೆ ಹೋಗುವಷ್ಟರಲ್ಲಿ ಬಸ್ಸು ನಿಟ್ಟೂರು ದಾಟಿರುತ್ತದೆ. ಆಮೇಲೆ ಲಿಫ್ಟ್. ತುಮಕೂರಿನಲ್ಲಿ ನಮ್ಮ ಮನೆ ಇರುವುದು ಮೂರನೆಯ ಮಹಡಿಯಲ್ಲಿ. ಅತ್ತೆ ಮೆಟ್ಟಿಲು ಹತ್ತಿ ಬಂದು, ಬಾಗಿಲು ಹಿಡಿದು ನಿಂತು, ಉಸಿರು ಬಂದ ಮೇಲೆ ಮೊದಲು ಕೇಳುವ ಪ್ರಶ್ನೆ: "ಆ ಲಿಫ್ಟಿನ ಹಗ್ಗ ಹೆಂಗದೆ ಅಂತ ಯಾರಾರ ನೋಡವ್ರಾ?" ಬಸ್ಸು ಕುಣಿಗಲ್ ಕೆರೆಯ ಪಕ್ಕ ಹೋಗುವಾಗ, ನೀರಿನ ಕಡೆಯ ಸೀಟಿನಲ್ಲಿ ಕೂತ ಗುರುತಿಲ್ಲದವರನ್ನೆಲ್ಲ ಎಬ್ಬಿಸಿ ಈಚೆ ಕಡೆಗೆ ಕರೆಯುತ್ತಾರೆ. ಭಾರ ಆಚೆಗೆ ವಾಲಬಾರದಲ್ಲ! ಆಶ್ಚರ್ಯವೆಂದರೆ ಒಂದಿಬ್ಬರು ಎದ್ದು ಬರುವುದೂ ಉಂಟು.

ಇಂಥವರು ದಿನವಿಡೀ ಕೂರುವುದೆಲ್ಲಿ ಗೊತ್ತೇ? ಏಳು ಜನ ಕತ್ತಿ ಹಿರಿದ ವೀರಭದ್ರರು, ನಾಲಗೆ ಚಾಚಿದ ಮೂವರು ಮಾರಿಯರು, ಪಾಪಿಗಳನ್ನು ಕೊಪ್ಪರಿಗೆಯಲ್ಲಿ ಬೇಯಿಸುತ್ತಿರುವ ಯಮಧರ್ಮರಾಯನ ಒಂದು ಗಾಜಿನ ಚಿತ್ರ, ಇವರೆಲ್ಲರ ನಡುವೆ ಒಂದು ಮರದ ಕುರ್ಚಿಯ ಮೇಲೆ.

ಗುಬ್ಬಿಯ ಹತ್ತಿರ ಒಂದು ಮಠವಿದೆ. ಮಠದ ಹಳೆಯ ರಾಗಿ ಉಗ್ರಾಣವನ್ನು ಸುಣ್ಣ ಹೊಡೆಸಿ, ಗಾಜಿನ ಬೀರುಗಳನ್ನಿಟ್ಟು, ಧಾರ್ಮಿಕ ಕಲಾ ಸಂಗ್ರಹಾಲಯ ಎಂದು ಬೋರ್ಡು ಹಾಕಿದ್ದಾರೆ. ಈಗಲೂ ಬಾಗಿಲು ತೆರೆದರೆ ಮೊದಲು ಬರುವುದು ರಾಗಿಯ ವಾಸನೆ. ಮಠದ ಶಾಲೆಯಲ್ಲಿ ಹೊಲಿಗೆ ಟೀಚರಾಗಿದ್ದ ಅತ್ತೆಯನ್ನು, ನಿವೃತ್ತಿಯಾದ ಮೇಲೆ, ಇದರ ಬೀಗದ ಕೈ ಕೊಟ್ಟು ಕೂರಿಸಿದರು. ಇತಿಹಾಸದಲ್ಲಿ ಎಂ.ಎ. ಮಾಡಿದ ನನ್ನನ್ನು ವಸ್ತುಗಳ ಪಟ್ಟಿ ತಯಾರಿಸಲು ತಾತ್ಕಾಲಿಕವಾಗಿ ಸೇರಿಸಿಕೊಂಡರು. ನಾನು ದಪ್ಪ ಕನ್ನಡಕದವಳು, ಮಾತು ಕಡಿಮೆಯವಳು. ವಿಗ್ರಹಗಳಿಗೆ ಇದರಿಂದ ತೊಂದರೆಯಾಗಲಾರದು ಎಂದು ಅವರು ಲೆಕ್ಕ ಹಾಕಿರಬೇಕು.

ಪಟ್ಟಿಯಲ್ಲಿ ಐದು ಅಂಕಣ: ಕ್ರಮಸಂಖ್ಯೆ, ವಸ್ತು, ಮೂಲ, ಸ್ಥಿತಿ, ಟಿಪ್ಪಣಿ. ಮೊದಲ ದಿನವೇ ಎರಡನೆಯ ಅಂಕಣಕ್ಕೆ ಅತ್ತೆಯ ಆಕ್ಷೇಪಣೆ ಬಂತು. ವೀರಭದ್ರಸ್ವಾಮಿಯನ್ನು ವಸ್ತು ಅನ್ನುವುದೇ? ನಾಲ್ಕನೆಯದಕ್ಕಂತೂ ಬೆವರಿಬಿಟ್ಟರು. "ಸ್ಥಿತಿ: ಎಡಗೈ ಇಲ್ಲ, ಮೂಗು ಸವೆದಿದೆ" ಎಂದು ನಾನು ಬರೆಯುತ್ತಾ ಸಣ್ಣಗೆ ಓದಿಕೊಂಡರೆ, ಸೆರಗಿನಿಂದ ನನ್ನ ಬಾಯಿ ಮುಚ್ಚಿ ವರಾಂಡಕ್ಕೆ ಎಳೆದು ತಂದರು. "ಅವ್ರ ಎದುರಿಗೇ ಓದ್ತೀಯಲ್ಲೇ. ನಿನ್ ಮೂಗಿನ ಬಗ್ಗೆ ಯಾರಾದ್ರೂ ಹಂಗೆ ಬರುದ್ರೆ ಸುಮ್ನಿರ್ತಿದ್ಯಾ?"

ನಗು ಬರುತ್ತದೆ, ನಿಜ. ಆದರೆ ಆ ಕೋಣೆಯಲ್ಲಿ ಒಬ್ಬಳೇ ಕೂತು ಕೆಲಸ ಮಾಡಿದ ಮೇಲೆ ನನಗೂ ಒಂದು ವಿಷಯ ಹೊಳೆಯಿತು. ನಾವು ಅದನ್ನು ಕಲೆಯ ಸಂಗ್ರಹ ಎನ್ನುತ್ತೇವೆ. ಅಲ್ಲಿ ಸಂಗ್ರಹವಾಗಿರುವುದು ಭಯ. ಹಳ್ಳಿಯ ಮನೆ ಬಿಟ್ಟು ಬಾಡಿಗೆ ಮನೆಗೆ ಹೋದವರಿಗೆ ಅಜ್ಜನ ಕಾಲದ ಉಗ್ರ ದೇವರನ್ನು ಅಡುಗೆಮನೆಯ ಮೂಲೆಯಲ್ಲಿ ಇಟ್ಟುಕೊಳ್ಳಲು ಭಯ. ಎಸೆಯಲು ಇನ್ನೂ ಭಯ. ಕೊನೆಗೆ ಚೀಲದಲ್ಲಿ ಹಾಕಿಕೊಂಡು ಮಠಕ್ಕೆ ತರುತ್ತಾರೆ. ನಿಟ್ಟೂರಿನಿಂದ ಗಂಡಹೆಂಡತಿ ಇಬ್ಬರು ಸ್ಕೂಟರಿನಲ್ಲಿ ಹಿತ್ತಾಳೆಯ ವೀರಭದ್ರನನ್ನು ನಡುವೆ ಕೂರಿಸಿಕೊಂಡು ಬಂದಿದ್ದರು. ಗಂಡನ ತಲೆಯಲ್ಲಿ ಹೆಲ್ಮೆಟ್ ಇರಲಿಲ್ಲ, ವೀರಭದ್ರನ ತಲೆಯಲ್ಲಿತ್ತು. ದಾರಿಯಲ್ಲಿ ಏನಾದರೂ ಆದರೆ ದೇವರಿಗೆ ಪೆಟ್ಟಾಗಬಾರದೆಂದು ಹೆಂಡತಿಯ ಮುನ್ನೆಚ್ಚರಿಕೆ. ದೇವರನ್ನು ಇಳಿಸಿ ಇಬ್ಬರೂ ಬೆನ್ನು ತೋರಿಸದೆ ಹಿಂದಕ್ಕೆ ಹಿಂದಕ್ಕೆ ನಡೆದು ಗೇಟು ದಾಟಿ, ಆಮೇಲೆ ಸ್ಕೂಟರ್ ಹತ್ತಿ ಹೋದ ವೇಗವನ್ನು ನೋಡಬೇಕಿತ್ತು! ಅತ್ತೆ ಮಾತ್ರ ಆ ದೇವರ ಮುಂದೆ ಒಂದು ಗಂಟೆ ನಿಂತು, ಅವರ ಪರವಾಗಿ ಕ್ಷಮೆ ಕೇಳಿದರು. ಫ್ಲಾಟಿನಲ್ಲಿ ಜಾಗ ಚಿಕ್ಕದು, ನೀರೂ ದಿನಾ ಬರುವುದಿಲ್ಲವಂತೆ ಎಂದೆಲ್ಲ ವಿವರಿಸಿದರು.

ಇಷ್ಟಾದರೆ ಪರವಾಗಿರಲಿಲ್ಲ. ಪ್ರತಿದಿನ ಸಂಜೆ ನಾಲ್ಕೂವರೆಗೆ, ನೋಡುವವರು ಹೋದ ಮೇಲೆ, ಅತ್ತೆ ಒಂದು ಹಿಡಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಬೀರು ಬೀರಿನ ಮುಂದೆ ನಿಂತು ಎಲ್ಲ ದೇವರಿಗೂ ದೃಷ್ಟಿ ತೆಗೆಯುತ್ತಿದ್ದರು. ದೇವರಿಗೆ ದೃಷ್ಟಿಯಾಗುತ್ತದೆಯೇ ಎಂದು ನಾನು ಕೇಳಿದೆ. ಅವರ ಉತ್ತರವನ್ನು ಯಾವ ಮ್ಯೂಸಿಯಂ ಪುಸ್ತಕದಲ್ಲೂ ನಾನು ಓದಿಲ್ಲ. ಗುಡಿಯಲ್ಲಿ ನೋಡುವವರು ಕೈ ಮುಗಿಯುತ್ತಾರೆ, ಕಣ್ಣು ಮುಚ್ಚುತ್ತಾರೆ, ಆರತಿಯಾಗುತ್ತದೆ. ಇಲ್ಲಿ ಕೈ ಕಟ್ಟಿಕೊಂಡು, ಕಣ್ಣು ಬಿಟ್ಟುಕೊಂಡು, ಬರೀ ನೋಡುತ್ತಾರೆ. ಹೀಗೆ ಬರೀ ನೋಡಿಸಿಕೊಳ್ಳುವುದು ದೇವರಿಗೆ ಅಭ್ಯಾಸವಿಲ್ಲವಂತೆ. ನಾನು ಎರಡು ದಿನ ಯೋಚಿಸಿದೆ. ಒಪ್ಪಿಕೊಂಡೆ. ನನ್ನ ಚಿಂತೆ ಬೆಂಕಿಯದು ಮಾತ್ರ. ಒಳಗೆ ಇರುವುದೆಲ್ಲ ಮರ, ಬಟ್ಟೆ, ತಾಳೆಗರಿ. ಮೆಣಸಿನಕಾಯಿ ಸುಡುವುದು ಅಂಗಳದ ಬೇವಿನ ಮರದ ಕೆಳಗೆ ಎಂದು ಇಬ್ಬರಿಗೂ ಒಪ್ಪಂದವಾಯಿತು.

ಅತ್ತೆಗೆ ಅಲ್ಲಿ ಎಲ್ಲರಿಗಿಂತ ಹೆಚ್ಚು ಭಯವಿದ್ದದ್ದು ಸೋಮನದು. ನಮ್ಮ ಸೀಮೆಯಲ್ಲಿ ಗ್ರಾಮದೇವತೆಯ ಮುಂದೆ ಕುಣಿಯುವವರು ಮುಖಕ್ಕೆ ಕಟ್ಟಿಕೊಳ್ಳುವ ದೊಡ್ಡ ಕೆಂಪು ಮುಖವಾಡವೇ ಸೋಮ. ಗುಡ್ಡೆ ಕಣ್ಣು, ಕೋರೆಹಲ್ಲು. ಎಲ್ಲಿ ನಿಂತರೂ ನಮ್ಮನ್ನೇ ನೋಡುತ್ತಿರುತ್ತದೆ. ಅದರ ಎದುರಿನ ಬೀರುವಿನಲ್ಲಿ, ಕಣ್ಣುಬೇನೆ ವಾಸಿಯಾದವರು ಹರಕೆಗೆ ಒಪ್ಪಿಸಿದ ಬೆಳ್ಳಿಯ ಕಣ್ಣುಗಳು, ಒಂದು ತಟ್ಟೆ ತುಂಬ. ಆ ಎರಡರ ನಡುವೆ ಹಾದುಹೋಗುವಾಗ ಅತ್ತೆ ಉಸಿರು ಬಿಗಿಹಿಡಿಯುತ್ತಿದ್ದರು. ನಾನೂ ಹಿಡಿಯುತ್ತಿದ್ದೆ, ಅದನ್ನು ಯಾರಿಗೂ ಹೇಳಿರಲಿಲ್ಲ.

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ. ಬರದೆ ವಿಧಿಯಿಲ್ಲ.

ಹೋದ ವರ್ಷ ಮಠದ ಅಂಗಳದಲ್ಲಿ ಉಚಿತ ಕಣ್ಣಿನ ತಪಾಸಣೆ ನಡೆಯಿತು. ಬೆಂಗಳೂರಿನಿಂದ ಬಂದ ಡಾಕ್ಟರು ಚೀಟಿಯ ಒಂದು ಬದಿಗೆ ಇಂಗ್ಲಿಷಿನಲ್ಲಿ ಗೀಚುತ್ತಿದ್ದರು. ಅದನ್ನು ಜನರಿಗೆ ಅರ್ಥವಾಗುವಂತೆ ಇನ್ನೊಂದು ಬದಿಗೆ ಕನ್ನಡದಲ್ಲಿ ಬರೆಯುವ ಕೆಲಸ ನನ್ನದು. ಕನ್ನಡದಲ್ಲಿ ಎಂದರೆ ಶುದ್ಧ ಕನ್ನಡದಲ್ಲೇ ಬರೆಯಬೇಕೆಂಬ ಹಟವೂ ನನ್ನದೇ. "ಸೈಟ್ ಪ್ರಾಬ್ಲಂ" ಎಂದು ಬರೆದರೆ ನನ್ನ ಎಂ.ಎ. ಏನಾಗಬೇಕು? ಅತ್ತೆಯ ಸರದಿ ಬಂತು. ಡಾಕ್ಟರು ಎರಡು ಸಲ ಟಾರ್ಚ್ ಬಿಟ್ಟು ನೋಡಿದರು. ಕಣ್ಣಿನ ಒಳಗೆ ಒತ್ತಡ ಹೆಚ್ಚಾಗಿದೆ, ಪಕ್ಕದ ನೋಟ ಹೋಗುತ್ತಿರಬಹುದು, ತಡ ಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿದರು. ಅದನ್ನು ಅತ್ತೆಗೆ ಬಾಯಿ ಬಿಟ್ಟು ಹೇಳುವ ಧೈರ್ಯ ನನಗೆ ಬರಲಿಲ್ಲ. ಆದರೂ ಅಕ್ಷರ ಕೆಡಲಿಲ್ಲ. ಅಚ್ಚಿನಂಥ ಅಕ್ಷರಗಳಲ್ಲಿ ಬರೆದೆ: "ದೃಷ್ಟಿದೋಷವಿದೆ. ಶೀಘ್ರ ಪರಿಹಾರ ಅಗತ್ಯ."

ಓದುಗರಿಗೆ ಆಗಲೇ ತಿಳಿದಿರಬೇಕು. ನನಗೆ ತಿಳಿಯಲು ಐದು ತಿಂಗಳು ಬೇಕಾಯಿತು.

ಅತ್ತೆ ಆ ಚೀಟಿಯನ್ನು ಓದಿದರು. ಮುಖ ಬಿಳುಚಿತು. ಮಡಚಿ ರವಿಕೆಯೊಳಗಿನ ಪರ್ಸಿಗೆ ಸೇರಿಸಿ, ಯಾರಿಗೂ ಹೇಳಬೇಡ, ನನ್ನನ್ನು ಈ ಕುರ್ಚಿಯಿಂದ ಎಬ್ಬಿಸಿಬಿಡುತ್ತಾರೆ ಎಂದರು. ಹೇಳದೇ ಇರುವುದು ನನಗೆ ಬಹಳ ಸುಲಭದ ಕೆಲಸ. ಕಾಯಿಲೆಯ ಮಾತನ್ನು ಬಾಯಿ ಬಿಟ್ಟು ಕೇಳುವುದು ಅಷ್ಟೇ ಕಷ್ಟದ್ದು. ಮೂರು ವಾರ ಬಿಟ್ಟು, ಪಟ್ಟಿಯಿಂದ ತಲೆ ಎತ್ತದೆ ಕೇಳಿದೆ.

"ಅತ್ತೆ, ಪರಿಹಾರ ಆಯ್ತಾ?"

"ಹುಲಿಯೂರುದುರ್ಗಕ್ಕೆ ಹೋಗ್ಬಂದೆ ಕಣೇ."

"ಏನಂದ್ರು?"

"ದೋಷ ಇರದು ದಿಟ ಅಂದ್ರು."

"ಏನಾದ್ರೂ ಕೊಟ್ರಾ?"

"ಕೊಟ್ಟವ್ರೆ."

"ಹಾಕ್ಕೊಳ್ತಿದೀರಾ?"

ಅವರು ಮೇಜಿನ ಡ್ರಾಯರನ್ನು ಒಳಕ್ಕೆ ತಳ್ಳಿ, "ನೋಡನ ಬುಡು" ಎಂದರು.

ಹುಲಿಯೂರುದುರ್ಗದಲ್ಲಿ ಯಾವುದೋ ಒಳ್ಳೆಯ ಕಣ್ಣಿನ ಡಾಕ್ಟರು ಇರಬೇಕು, ಕಣ್ಣಿಗೆ ಹನಿ ಕೊಟ್ಟಿರಬೇಕು ಎಂದುಕೊಂಡು ನಾನು ನೆಮ್ಮದಿಯಾಗಿ ಮುಂದಿನ ವಸ್ತುವಿಗೆ ಹೋದೆ.

ಆಮೇಲಿನ ತಿಂಗಳುಗಳಲ್ಲಿ ನಡೆದದ್ದನ್ನೆಲ್ಲ ನಾವು ತಮಾಷೆ ಎಂದೇ ಲೆಕ್ಕ ಹಾಕಿದೆವು. ಅತ್ತೆ ಬಾಗಿಲ ಚೌಕಟ್ಟಿಗೆ ಭುಜ ಹೊಡೆದುಕೊಂಡು ಚೌಕಟ್ಟಿಗೇ ಬಯ್ಯುತ್ತಿದ್ದರು. ಪಕ್ಕದಲ್ಲಿ ನಿಂತು ಮಾತಾಡಿಸಿದರೆ ಬೆಚ್ಚಿ ಹಾರುತ್ತಿದ್ದರು. ಒಮ್ಮೆ ಮಠದ ಮ್ಯಾನೇಜರು ಎಡಗಡೆಯಿಂದ ಬಂದು "ಅಮ್ಮಾ" ಎಂದದ್ದಕ್ಕೆ ಕೈಯಲ್ಲಿದ್ದ ಉಪ್ಪು ಮೆಣಸಿನಕಾಯಿ ಪೂರ್ತಿ ಅವರ ಮೇಲೆ ಬಿತ್ತು. ಪುಣ್ಯಾತ್ಮರು ತಮಗೂ ದೃಷ್ಟಿ ತೆಗೆದರೆಂದು ಸಂತೋಷಪಟ್ಟು ಹೋದರು! ಸೋಮನ ಮುಖಕ್ಕೆ ಅತ್ತೆ ಒಂದು ಟವಲ್ ಹೊದಿಸಿದರು. ನಾನು ತೆಗೆಯುವುದು, ಅವರು ಹೊದಿಸುವುದು. ಪಟ್ಟಿಯ "ಸ್ಥಿತಿ" ಅಂಕಣದಲ್ಲಿ "ಟವಲ್ ಸಹಿತ" ಎಂದು ಬರೆಯಬೇಕೋ ಏನೋ ಎಂದು ನಾನು ಮನಸ್ಸಿನಲ್ಲೇ ನಕ್ಕಿದ್ದೆ.

ಒಂದು ಮಧ್ಯಾಹ್ನ ಒಳಗೆ ಏನೋ ಬಿದ್ದ ಸದ್ದಾಯಿತು. ಓಡಿ ಹೋಗಿ ನೋಡಿದರೆ ಅತ್ತೆ ನೆಲದ ಮೇಲೆ ಕೂತಿದ್ದರು. ಸುತ್ತ ಬೆಳ್ಳಿಯ ಕಣ್ಣುಗಳು ಚೆಲ್ಲಿದ್ದವು. ಒರೆಸಲೆಂದು ತಟ್ಟೆಯನ್ನು ಹೊರಗೆ ತೆಗೆದು ತಿರುಗಿದಾಗ, ಎಡಗಡೆ ತೆರೆದೇ ಇದ್ದ ಬೀರುವಿನ ಗಾಜಿನ ಬಾಗಿಲು ಅವರಿಗೆ ಕಂಡಿರಲಿಲ್ಲ. ಹಣೆಯ ಮೇಲೆ ರಕ್ತ. ಗಾಜು ಒಡೆದಿರಲಿಲ್ಲ, ಅದೃಷ್ಟ. ಅವರು ಕೈಯಿಂದ ನೆಲ ತಡವಿ ತಡವಿ ಒಂದೊಂದೇ ಕಣ್ಣನ್ನು ಆರಿಸಿಕೊಳ್ಳುತ್ತಿದ್ದರು. ಪಕ್ಕದಲ್ಲೇ, ಎಡಗೈಯ ಅಂಚಿಗೆ ಮೂರು ಬಿದ್ದಿದ್ದವು. ಅತ್ತ ಅವರ ಕೈ ಹೋಗಲೇ ಇಲ್ಲ.

"ಸೋಮ ತಳ್ಳುದ ಕಣೇ" ಎಂದರು.

ಆ ಮೂರನ್ನು ನಾನೇ ಆರಿಸಿ ಅವರ ಬಲಗೈಗೆ ಕೊಟ್ಟೆ. ಹುಲಿಯೂರುದುರ್ಗದ ಆಸ್ಪತ್ರೆಯವರು ಕೊಟ್ಟ ಔಷಧಿ ಎಲ್ಲಿ ಎಂದು ಕೇಳಿದೆ.

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಯಾವ ಆಸ್ಪತ್ರೆ? ದೃಷ್ಟಿದೋಷಕ್ಕೆ ಯಾರಾದ್ರೂ ಆಸ್ಪತ್ರೆಗೆ ಹೋಗ್ತಾರೇನೇ? ದೃಷ್ಟಿ ನೋಡೋ ಅಜ್ಜ ಒಬ್ರವ್ರೆ ಅಲ್ಲಿ, ಅವ್ರತ್ರ ಹೋಗಿದ್ದೆ." ಪರ್ಸಿನಿಂದ ಚೀಟಿ ತೆಗೆದು ನನಗೇ ತೋರಿಸಿದರು. "ನೋಡು, ಡಾಕ್ಟ್ರೇ ಹೇಳಿ ಬರ್ಸವ್ರೆ. ಬೆಂಗ್ಳೂರ್ ಡಾಕ್ಟ್ರು. ಈ ಕಾಲದಲ್ಲೂ ಅವ್ರಿಗೆ ಅದೆಲ್ಲಾ ಗೊತ್ತದೆ ನೋಡು."

ನನ್ನ ಅಚ್ಚಿನಂಥ ಅಕ್ಷರಗಳು. ಒಂದು ಕಾಗುಣಿತದ ತಪ್ಪೂ ಇಲ್ಲ.

ಅವತ್ತು ಸಂಜೆ ನಾನು ಬದುಕಿನಲ್ಲಿ ಎಂದೂ ಮಾಡದ ಕೆಲಸ ಮಾಡಿದೆ. ಫೋನ್ ಮಾಡಿದೆ. ಗುರುತಿಲ್ಲದವರಿಗೆ ಫೋನ್ ಮಾಡಬೇಕೆಂದರೆ ನನಗೆ ಮೊದಲು ಕಾಗದದ ಮೇಲೆ ವಾಕ್ಯ ಬರೆದುಕೊಳ್ಳಬೇಕು. ಮಠದ ದಾಖಲೆಯಲ್ಲಿ ಹುಡುಕಿ, ನನ್ನ ಕೈಯಿಂದ "ದೃಷ್ಟಿದೋಷ" ಬರೆಸಿಕೊಂಡು ಹೋಗಿದ್ದ ಅಷ್ಟೂ ಮನೆಗಳಿಗೆ ಫೋನ್ ಮಾಡಿದೆ. ದೊಡ್ಡ ಅಪಾಯವಾಗಿರಲಿಲ್ಲ. ಹೆಚ್ಚಿನವರನ್ನು ಮಕ್ಕಳು ಇನ್ನೊಂದು ಬದಿಯ ಇಂಗ್ಲಿಷ್ ಓದಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಒಬ್ಬರು ಮಾತ್ರ ಬಾಗಿಲಿಗೆ ಬೂದುಗುಂಬಳವನ್ನೂ ಕಟ್ಟಿ, ಕನ್ನಡಕವನ್ನೂ ಮಾಡಿಸಿಕೊಂಡಿದ್ದರು. "ಎರಡೂ ಇರ್ಲಿ ಅಂತ ಕಣಮ್ಮ, ಹೆಂಗೂ ಚೀಟೀಲಿ ಬರ್ದಿತ್ತಲ್ಲ" ಎಂದರು. ಅಂದರೆ ನನ್ನ ಶುದ್ಧ ಕನ್ನಡ ಪೂರ್ತಿಯಾಗಿ ಬಲಿ ತೆಗೆದುಕೊಂಡದ್ದು ಒಬ್ಬರನ್ನೇ. ಆ ಒಬ್ಬರು ನಮ್ಮ ಮನೆಯವರು.

ಮಾರನೆಯ ದಿನ ತುಮಕೂರಿನ ಕಣ್ಣಿನ ಆಸ್ಪತ್ರೆ. ಒಂದು ಯಂತ್ರದೊಳಗೆ ಗದ್ದ ಊರಿ ಕೂತು, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಅತ್ತೆ ಟಕಟಕನೆ ಒತ್ತಿದ್ದೇ ಒತ್ತಿದ್ದು. ಚುಕ್ಕಿಯೇ ಇಲ್ಲದಾಗಲೂ ಒತ್ತಿದರು! ಯಾಕಮ್ಮ ಎಂದು ಕೇಳಿದರೆ, ಒತ್ತದಿದ್ದರೆ ಡಾಕ್ಟರು ಬೇಜಾರು ಮಾಡಿಕೊಂಡಾರು ಎಂದು. ಪರೀಕ್ಷೆ ಮೂರು ಸಲ ನಡೆಯಿತು. ಮೂರನೆಯ ಸಲ ಬಂದ ಕಾಗದವನ್ನು ಡಾಕ್ಟರಮ್ಮ ಮೇಜಿನ ಮೇಲೆ ಹರಡಿದರು. ಎಡಗಣ್ಣಿನ ಚಿತ್ರದಲ್ಲಿ ಅರ್ಧಕ್ಕೂ ಹೆಚ್ಚು ಕಪ್ಪು. ಬಲಗಣ್ಣಿನಲ್ಲಿ ಅಂಚಿನಿಂದ ಕಪ್ಪು ಒಳಕ್ಕೆ ನುಗ್ಗುತ್ತಿತ್ತು. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬೇಕು, ಬಲಗಣ್ಣಿಗೆ ಈ ವಾರವೇ ಆಪರೇಷನ್ ಆಗಬೇಕು ಎಂದರು. ಐದು ತಿಂಗಳ ಹಿಂದೆ ಬಂದಿದ್ದರೆ ಎಂದು ನಾನು ಕೇಳಿದೆ. ಅವರು ನನ್ನ ಮುಖ ನೋಡಿ, ಹನಿಗಳ ಹೆಸರು ಬರೆದರು.

ಲಿಫ್ಟಿಗೆ ಹೆದರುವವರಿಗೆ ಆಪರೇಷನ್ನಿನ ಮಾತು ಹೇಳುವುದು ಹೇಗೆ? ಕಣ್ಣಿಗೆ ಕತ್ತರಿ ಹಾಕುತ್ತಾರೆ ಎಂದರೆ ಇವರು ಮೆಟ್ಟಿಲಿಳಿದು ಗುಬ್ಬಿಯವರೆಗೆ ನಡೆದೇ ಹೋದಾರು. ಆಸ್ಪತ್ರೆಯ ಬೆಂಚಿನ ಮೇಲೆ ಅವರ ಪಕ್ಕ, ಅವರಿಗೆ ಕಾಣುವ ಕಡೆ, ಕೂತುಕೊಂಡೆ. ಕಾಗದದ ಮೇಲೆ ವಾಕ್ಯ ಬರೆದುಕೊಂಡಿರಲಿಲ್ಲ.

ಚೀಟಿ ಬರೆದವಳು ನಾನು ಎಂದೆ. ದೃಷ್ಟಿದೋಷ ಎಂದರೆ ಕಣ್ಣಿನ ತೊಂದರೆ ಎಂಬ ಅರ್ಥದಲ್ಲಿ ಬರೆದೆ, ಅದು ಡಾಕ್ಟರ ಮಾತಲ್ಲ, ನನ್ನ ಮಾತು, ತಪ್ಪು ನನ್ನದು ಎಂದೆ. ಬಯ್ಯಲಿ ಎಂದು ಕಾದೆ.

ಅತ್ತೆ ಕೇಳಿದ್ದು ಒಂದೇ. "ಅಂದ್ರೆ ಇದು ಯಾರ ದೃಷ್ಟಿನೂ ಅಲ್ವಾ?"

"ಅಲ್ಲ."

"ಯಾರ್ದೂ ಅಲ್ವಾ? ಸರಿಯಾಗ್ ಹೇಳು."

"ಯಾರದೂ ಅಲ್ಲ ಅತ್ತೆ. ಕಣ್ಣಿನೊಳಗಿನ ಒತ್ತಡ, ಅಷ್ಟೆ."

ಅವರು ಸೀರೆಯ ಸೆರಗಿನಿಂದ ಮುಖ ಒರೆಸಿಕೊಂಡರು. ಐದು ತಿಂಗಳಿಂದ ಹೊತ್ತಿದ್ದ ಮೂಟೆಯನ್ನು ಯಾರೋ ಇಳಿಸಿಕೊಂಡಂತೆ ಭುಜ ಸಡಿಲವಾಯಿತು. ಅರ್ಧ ಕಣ್ಣು ಹೋದ ಸುದ್ದಿಗೆ ಯಾರಾದರೂ ಹೀಗೆ ನೆಮ್ಮದಿಪಡುವುದನ್ನು ನಾನು ಕಂಡಿರಲಿಲ್ಲ. "ಸರಿ, ಕುಯ್ಯಲಿ ಬುಡು" ಎಂದರು. ಯಾಕೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಆಪರೇಷನ್ ಥಿಯೇಟರಿಗೆ ಅವರು ನಡೆದೇ ಹೋದರು. ವರಾಂಡದ ಕುರ್ಚಿಯ ಮೇಲೆ ಹೆದರಿ ಕೂತವಳು ನಾನು. ಆ ಮುಚ್ಚಿದ ಬಾಗಿಲಿನ ಮೇಲೆ ಸೋಮನ ಕೆಂಪು ಮುಖ ನನಗೆ ಕಾಣುತ್ತಿತ್ತು ಎಂದರೆ ಇತಿಹಾಸ ವಿಭಾಗದ ನನ್ನ ಗುರುಗಳು ಏನೆಂದುಕೊಳ್ಳುತ್ತಾರೋ.

ಆಪರೇಷನ್ ಚೆನ್ನಾಗಿ ಆಗಿದೆ, ಉಳಿದ ನೋಟ ಉಳಿಯಬಹುದು ಎಂದರು. "ಉಳಿಯುತ್ತದೆ" ಎನ್ನಲಿಲ್ಲ. ಒಂದು ತಿಂಗಳು ಬಗ್ಗಬಾರದು, ಹೊಗೆ ಕೂಡದು. ಹಾಗಾಗಿ ನಾಲ್ಕೂವರೆಯ ದೃಷ್ಟಿ ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ದಿನ ಉಪ್ಪಿನ ಡಬ್ಬಿಗಾಗಿ ಅತ್ತೆಯ ಮೇಜಿನ ಡ್ರಾಯರ್ ಎಳೆದೆ. ಡಬ್ಬಿಯ ಹಿಂದೆ ಕರವಸ್ತ್ರದ ಗಂಟೊಂದಿತ್ತು. ಬಿಚ್ಚಿದರೆ ಒಂದು ನಿಂಬೆಹಣ್ಣು. ಒಣಗಿ, ಕಪ್ಪಾಗಿ, ಗೋಲಿಯಷ್ಟು ಗಟ್ಟಿಯಾಗಿತ್ತು. ಅಲ್ಲಲ್ಲಿ ಕುಂಕುಮ ಅಂಟಿತ್ತು.

ಸಂಜೆ ಅತ್ತೆಯ ಮನೆಗೆ ಹೋಗಿ ಕೇಳಿದೆ. ಕಣ್ಣಿಗೆ ಪ್ಲಾಸ್ಟಿಕ್ಕಿನ ಮುಚ್ಚಳ ಕಟ್ಟಿಕೊಂಡು ಮಂಚದ ಮೇಲೆ ಕೂತಿದ್ದ ಅವರು ಮೊದಲು ಏನೂ ಇಲ್ಲ ಎಂದರು. ಅದು ಹುಲಿಯೂರುದುರ್ಗದ್ದೇ ಎಂದು ಮತ್ತೆ ಕೇಳಿದ ಮೇಲೆ ತಲೆಯಾಡಿಸಿದರು.

"ಅಜ್ಜ ಎಲೆ ಹಾಕಿ ನೋಡುದ್ರು. ನಿಮ್ಮೋರೇ ಒಂದು ಹೆಣ್ಣುಮಗಳ ದೃಷ್ಟಿ ಅಂದ್ರು. ಓದಿರೋಳು, ಕನ್ನಡಕ ಹಾಕಿರೋಳು, ದಿನಾ ಎದುರಿಗೇ ಕೂತ್ಕತಾಳೆ ಅಂದ್ರು. ಈ ಹಣ್ಣು ನಿವಾಳ್ಸಿ ಕುಯ್ದುಬುಡು, ಬಂದ ದಾರೀಲೇ ವಾಪಸ್ ಹೋಗಿ ಅವಳ ಕಣ್ಣಿಗೇ ಬೀಳುತ್ತೆ, ನಿಂಗೆ ವಾಸಿಯಾಯ್ತದೆ ಅಂದ್ರು."

ನಾನು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡೆ. "ನೀವು ಕುಯ್ಯಲಿಲ್ಲ."

"ನಿನ್ ಕಣ್ಣು ಮೊದ್ಲೇ ಅಷ್ಟರಲ್ಲೇ ಅದೆ. ಅದ್ರ ಮೇಲೆ ಇದನ್ನೂ ಕಳಿಸ್ಲಾ?" ಕಣ್ಣಿನ ಮುಚ್ಚಳ ಸರಿಮಾಡಿಕೊಂಡು ಹೇಳಿದರು: "ದಿನಾ ಭಯ ಆಗದು ಕಣೇ. ಇವತ್ತು ಇನ್ನೊಂಚೂರು ಕತ್ಲಾಯ್ತು ಅಂತ. ಡ್ರಾಯರ್ ತೆಗ್ಯದು, ನೋಡದು, ಮುಚ್ಚದು."

ಗ್ಯಾಸ್ ಸಿಲಿಂಡರಿಗೆ ಹೆದರುವ, ಲಿಫ್ಟಿಗೆ ಹೆದರುವ, ಕೆರೆಯ ನೀರಿಗೆ ಹೆದರುವ ನಮ್ಮ ಅತ್ತೆ.

ಮಾರನೆಯ ದಿನ ಬೇಗ ಹೋಗಿ ಸಂಗ್ರಹಾಲಯದ ಬೀಗ ತೆಗೆದೆ. ಸೋಮನಿಗೆ ಟವಲ್ ಸರಿಯಾಗಿ ಹೊದಿಸಿದೆ. ಪಟ್ಟಿಯ ಕೊನೆಯ ಪುಟ ತೆರೆದು, ಅದೇ ಅಚ್ಚಿನ ಅಕ್ಷರದಲ್ಲಿ ಬರೆಯಲು ಹೊರಟೆ. ಅಕ್ಷರ ಸ್ವಲ್ಪ ಕೆಟ್ಟಿತು.

ವಸ್ತು: ನಿಂಬೆಹಣ್ಣು, ಒಂದು. ಮೂಲ: ಹುಲಿಯೂರುದುರ್ಗ. ಸ್ಥಿತಿ: ಕುಯ್ದಿಲ್ಲ.

ಟಿಪ್ಪಣಿಯ ಅಂಕಣದಲ್ಲಿ ಏನೂ ಬರೆಯಲಿಲ್ಲ.